ಟೈಲರ್ ಚಿಕ್ಕಬೀರಯ್ಯನ ಫೋಕಸ್ ಲೈಟು

ಬಿಳಿಕೆರೆ ಬಸ್ ನಿಲ್ದಾಣದ ಎದುರು ನನ್ನ ಹಾರ್ಡ್‌ವೇರ್ ಅಂಗಡಿ. ಅದರ ಗೋಡೆಗೆ ಅಂಟಿಕೊಂಡಿರುವ ಎಂಟಡಿ ಅಗಲದ ಮಳಿಗೆಯಲ್ಲಿ ಚಿಕ್ಕಬೀರಯ್ಯ ಬಟ್ಟೆ ಹೊಲಿಯುತ್ತಾನೆ. ವಯಸ್ಸು ನಲವತ್ತೈದು ದಾಟಿದೆ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಊರಿನವರು ಅವನನ್ನು ‘ಮೂಗ ಟೈಲರ್’ ಎನ್ನುತ್ತಾರೆ. ಕೂಗಿದರೆ ಕೇಳದವನಿಗೆ ಹೆಸರು ಯಾಕೆ ದಂಡ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದಂತಿದೆ. ಆ ತೀರ್ಮಾನಕ್ಕೆ ನಾನೂ ಒಪ್ಪಿಕೊಂಡವನೇ.

ಅವನ ಜೊತೆ ನಾವು ಆಡುತ್ತಿದ್ದ ಕೈಭಾಷೆಯಲ್ಲಿ ಒಟ್ಟು ಏಳು ಮಾತು. ಉಂಡೆಯಾ, ಬಾ, ಹೋಗು, ಎಷ್ಟು, ಯಾವಾಗ, ಬಿಗಿ, ಸಡಿಲ. ಊಟಕ್ಕೆ ಅಣ್ಣನ ಮನೆಗೆ ಹೋಗುತ್ತಾನೆ. ಅಲ್ಲಿ ಬಿಗಿ, ಸಡಿಲ ಕೂಡ ಬೇಕಿಲ್ಲ. ಐದರಲ್ಲೇ ಸಂಸಾರ ಸಾಗುತ್ತದೆ. ಮದುವೆಯಾಗಲಿಲ್ಲ. ಇಪ್ಪತ್ತು ವರ್ಷ ಅವನ ಪಕ್ಕದಲ್ಲೇ ಕೂತು ವ್ಯಾಪಾರ ಮಾಡಿದೆ. ಶಾಂತ ಮನುಷ್ಯ, ತನ್ನ ಪಾಡಿಗೆ ತಾನಿರುವವನು ಎಂದುಕೊಂಡಿದ್ದೆ.

ಲಾಕ್‌ಡೌನ್ ಮುಗಿದ ವರ್ಷ, ಅವನ ಅಣ್ಣನ ಮಗಳು ಅನುಶ್ರೀ ಆನ್‌ಲೈನ್ ಕ್ಲಾಸಿಗೆ ಇಟ್ಟುಕೊಂಡಿದ್ದ ಮೊಬೈಲು ಚಿಕ್ಕಬೀರಯ್ಯನ ಕೈಗೆ ಬಂತು. ನಾವೆಲ್ಲ ನಕ್ಕೆವು.

“ಮೂಗಂಗೆ ಫೋನಂತೆ! ಅಂಗಾದ್ರೆ ನನ್ ಸ್ಕೂಟ್ರಿಗೂ ಎಲ್ಡು ರೆಕ್ಕೆ ಕೊಡಿ ಕಣಣ್ಣ, ಆರಿಸ್ಕೊಂಡ್ ಹೋಯ್ತೀನಿ” ಎಂದ ಪ್ಲಂಬರ್ ಪುಟ್ಟಸ್ವಾಮಿ.

ಹಾಗೆಂದ ಪುಟ್ಟಸ್ವಾಮಿ ಆ ಹೊತ್ತಿಗೆ ವಿಡಿಯೋ ಕಾಲ್ ಇಲ್ಲದೆ ಒಂದು ನಲ್ಲಿಯನ್ನೂ ಬಿಚ್ಚುತ್ತಿರಲಿಲ್ಲ. ಯಾರದೋ ಮನೆಯ ಬಚ್ಚಲಿಂದ ಕಾಲ್ ಮಾಡಿ “ಅಣ್ಣ, ನೋಡಿ ಏಳಿ, ಇದು ಅರ್ಧ ಇಂಚಾ ಮುಕ್ಕಾಲಾ?” ಎನ್ನುತ್ತಿದ್ದ. ಕಾಣುತ್ತಿದ್ದದ್ದು ಅರ್ಧ ಪೈಪು, ಅರ್ಧ ಅವನ ಗಡ್ಡ. ಆದರೂ ವ್ಯಾಪಾರ ಆಗುತ್ತಿತ್ತು. ಊರಿಗೆ ಊರೇ ಹೀಗೆ ತೋರಿಸುತ್ತಾ ನೋಡುತ್ತಾ ಇರುವಾಗ ಟೈಲರ್ ಮಾತ್ರ ಯಾಕೆ ಸುಮ್ಮನಿರಬೇಕು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅನುಶ್ರೀಗೆ ಹೊಳೆಯಿತು. ಮೈಸೂರಿನ ಕಿವುಡ ಮಕ್ಕಳ ಶಾಲೆಯಲ್ಲಿ ಚಿಕ್ಕಪ್ಪನ ಜೊತೆ ಓದಿದವರ ಗುಂಪೊಂದನ್ನು ಹುಡುಕಿ ಅವನನ್ನು ಸೇರಿಸಿಕೊಟ್ಟಳು. ಅದರಲ್ಲಿ ಸಿಕ್ಕಿದವನು ದೇವರಾಜು. ಏಳು ವರ್ಷ ಹಾಸ್ಟೆಲ್‌ನಲ್ಲಿ ಅಕ್ಕಪಕ್ಕದ ಚಾಪೆ. ಈಗ ಕೆ.ಆರ್. ನಗರದ ಅಕ್ಕಿ ಮಿಲ್ಲಿನಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ.

ಮೊದಲ ದಿನ ಪಕ್ಕದಲ್ಲಿ ಸ್ಟೂಲು ಬಿದ್ದ ಸದ್ದಾಯಿತು. ಹೋಗಿ ಇಣುಕಿದೆ. ದಾರದ ಡಬ್ಬಿಗೆ ಮೊಬೈಲು ಒರಗಿಸಿ ಚಿಕ್ಕಬೀರಯ್ಯ ನಿಂತಿದ್ದ. ಎರಡೂ ಕೈ ಗಾಳಿಯಲ್ಲಿ. ಹುಬ್ಬು, ಕೆನ್ನೆ, ಭುಜ, ಎಲ್ಲವೂ ಮಾತಾಡುತ್ತಿದ್ದವು. ಯಾರನ್ನೋ ಅಣಕಿಸಿದ, ಏನನ್ನೋ ಅಲ್ಲಗಳೆದ, ಹೊಟ್ಟೆ ಹಿಡಿದುಕೊಂಡು ನಕ್ಕ. ಪಕ್ಕದ ಮಳಿಗೆಯವನು ಇಂಥ ವಾಚಾಳಿ ಎಂದು ನನಗೆ ಗೊತ್ತಾದದ್ದು ಅವತ್ತು. ಇಷ್ಟು ವರ್ಷ ಅವನು ಸುಮ್ಮನಿದ್ದದ್ದು ಗುಣದಿಂದಲ್ಲ, ಕೇಳುವವರಿಲ್ಲದೆ.

ಅಲ್ಲಿಂದ ದಿನಾ ಸಂಜೆ ಐದೂವರೆಗೆ, ಮಿಲ್ಲಿನ ಕೆಲಸ ಬಿಟ್ಟ ಮೇಲೆ, ದೇವರಾಜು ಪರದೆಗೆ ಬರುತ್ತಿದ್ದ. ಆ ಹೊತ್ತಿಗೆ ರವಿಕೆ ಕೇಳಲು ಬಂದ ಹೆಂಗಸರು ಹೊರಗೇ ನಿಲ್ಲಬೇಕು. ಮಾತಿನ ನಡುವೆ ಚಿಕ್ಕಬೀರಯ್ಯ ಆಗಾಗ ನನ್ನ ಅಂಗಡಿಯ ಕಡೆ ಕಣ್ಣು ಹೊರಳಿಸಿ, ಕಿರುಬೆರಳನ್ನು ಕೆಳಕ್ಕೆ ಒತ್ತಿ ತೋರಿಸುತ್ತಿದ್ದ. ಅತ್ತ ದೇವರಾಜು ನಗುತ್ತಿದ್ದ. ಬಟನ್ ಬಗ್ಗೆ ಇರಬೇಕು ಎಂದುಕೊಂಡೆ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಬಲ್ಬಿನ ವ್ಯಾಪಾರ ಶುರುವಾಯಿತು.

ಅವನ ಮಳಿಗೆಯಲ್ಲಿ ಇದ್ದದ್ದು ಒಂಬತ್ತು ವಾಟಿನ ಒಂದು ಬಲ್ಬು. ಸೂಜಿಗೆ ದಾರ ಪೋಣಿಸಲು ಅಷ್ಟು ಸಾಕು. ಒಂದು ದಿನ ಬಂದು ಹದಿನೈದು ವಾಟಿನದ್ದು ಕೇಳಿದ. ತಿಂಗಳೊಳಗೆ ಇಪ್ಪತ್ತೆರಡು ವಾಟು. ಆಮೇಲೆ ಟ್ಯೂಬ್ ಲೈಟು. ಬೆನ್ನ ಹಿಂದಿನ ಗೋಡೆಗೆ ಕಪ್ಪು ಬಟ್ಟೆ ಕಟ್ಟಿದ. ಬಿಳಿ ಅಂಗಿ ಬಿಟ್ಟು ಬೇರೆ ಹಾಕುವುದನ್ನೇ ನಿಲ್ಲಿಸಿದ. ಮೊದಲು ಗಾಳಿಯ ತುಂಬ ಬೀಸುತ್ತಿದ್ದ ಕೈಗಳು ಈಗ ಮುಖದ ಹತ್ತಿರವೇ, ಒಂದು ಗೇಣಿನೊಳಗೆ ಆಡುತ್ತಿದ್ದವು. ಆಡಿದ್ದನ್ನೇ ಎರಡು ಸಲ, ಮೂರು ಸಲ ಆಡುತ್ತಿದ್ದ.

“ಟೈಲರು ಫೋಟೋ ಸ್ಟುಡಿಯೋ ಮಡಗ್ತಾವ್ನೆ ಕಣಣ್ಣ” ಎಂದ ಪುಟ್ಟಸ್ವಾಮಿ. ನಾನು ಬಲ್ಬು ಮಾರಿದೆ. ಯಾಕೆ ಎಂದು ಬರೆದು ಕೇಳಬಹುದೆಂದು ಹೊಳೆಯಲಿಲ್ಲ, ಕೈಯಲ್ಲಿ ಕೇಳೋಣವೆಂದರೆ ನನ್ನ ಏಳು ಮಾತಿನಲ್ಲಿ ‘ಯಾಕೆ’ ಇರಲಿಲ್ಲ.

ಒಂದು ಸಂಜೆ ಚಿಕ್ಕಬೀರಯ್ಯನೇ ಬಂದು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. ಪರದೆಯಲ್ಲಿ ಒಬ್ಬ ಹೆಂಗಸು. ದೇವರಾಜುವಿನ ಅಕ್ಕ, ವಿಮಲಮ್ಮ. ಕಿವಿ ಕೇಳುವವರು, ಮಾತೂ ಬಲ್ಲವರು.

“ಅಣ್ಣ, ಅಂಗ್ಡಿ ಗೌರೀಶಣ್ಣ ನೀವೇನಾ? ಓ, ಕಿರುಬೆಳ್ಳಿನೋರು!” ಎಂದು ಸೆರಗು ಬಾಯಿಗಿಟ್ಟು ನಕ್ಕರು.

“ಅಂದ್ರೆ?”

“ತಪ್ ತಿಳ್ಕಬ್ಯಾಡಿ. ಮೊಳೆ ತೂಗುವಾಗ ತಕ್ಕಡೀನ ಕಿರುಬೆಳ್ಳಲ್ಲಿ ಒಸಿ ಒತ್ತೀರಂತಲ್ಲ. ನಮ್ ದೇವ್ರಾಜ, ನಿಮ್ ಟೈಲರು, ಇಬ್ರೂ ನಿಮ್ಗೆ ಮಡಗಿರೋ ಹೆಸ್ರು ಅದೇಯ.”

ಇಪ್ಪತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ಕಂಡುಹಿಡಿಯದ ವಿದ್ಯೆ ಅದು. ಪಕ್ಕದಲ್ಲಿ ನಿಂತಿದ್ದ ಚಿಕ್ಕಬೀರಯ್ಯನ ಮುಖ ನೋಡಿದೆ. ಅವನು ಚಾವಣಿ ನೋಡಿದ.

ನಗು ಅಷ್ಟಕ್ಕೇ ಮುಗಿಯಿತು. ಆಮೇಲೆ ವಿಮಲಮ್ಮನ ದನಿ ಇಳಿಯಿತು.

“ನೀವು ಅವ್ರಿಗೆ ಇನ್ನು ಲೈಟ್ ಮಾರ್ಬ್ಯಾಡಿ ಕಣಣ್ಣ. ನಮ್ ತಮ್ಮನ ಕಣ್ಣು ಓಯ್ತಾ ಐತೆ. ಪೈಪೊಳಗಿಂದ ನೋಡ್ದಂಗೆ ಒಸಿಯೇ ಕಾಣೋದು, ಅದೂ ಸಣ್ಣಗಾಯ್ತಾ ಬತ್ತಾ ಐತೆ. ಡಾಕ್ಟ್ರು ಏನೂ ಮಾಡಕಾಗಕಿಲ್ಲ ಅಂದವ್ರೆ. ಇವ್ರು ನೋಡುದ್ರೆ ಬೆಳಕು ಸಾಲ್ದು, ಬೆಳಕು ಸಾಲ್ದು ಅಂತ ಲೈಟ್ ಮ್ಯಾಲೆ ಲೈಟ್ ಆಕ್ತಾವ್ರೆ. ನಾನು ಕೈ ಮಾಡಿ ಏಳ್ದೆ, ಒಪ್ಪಕಿಲ್ಲ. ಎಷ್ಟು ಬೆಳಕಾಕುದ್ರೂ ಅವನ್ ಕಣ್ಣು ಬರಕಿಲ್ವಲ್ಲ.”

“ಮಿಲ್ ಕೆಲ್ಸ?”

“ಬುಡ್ಸುದ್ರು. ಮನೇಲವ್ನೆ.”

ಮಾರನೆಯ ದಿನವೇ ಚಿಕ್ಕಬೀರಯ್ಯ ಚೀಟಿ ಹಿಡಿದು ಬಂದ. ‘ಫೋಕಸ್ ಲೈಟು. ದೊಡ್ಡದು.’ ಮದುವೆ ಚಪ್ಪರಕ್ಕೆ ಹಾಕುವಂಥದ್ದು. ನಾನು ಕೈ ಅಲ್ಲಾಡಿಸಿದೆ, ಇಲ್ಲ. ಜನ್ಮದಲ್ಲಿ ಮೊದಲ ಸಲ ಇರುವ ಮಾಲನ್ನು ಇಲ್ಲ ಎಂದದ್ದು. ಅಭ್ಯಾಸವಿಲ್ಲದ ಕೆಲಸ, ಸರಿಯಾಗಿ ಬರಲಿಲ್ಲ. ಅವನು ನನ್ನ ತಲೆಯ ಹಿಂದಿನ ಶೆಲ್ಫಿನಲ್ಲಿದ್ದ ಡಬ್ಬವನ್ನು ಬೆರಳು ಮಾಡಿ ತೋರಿಸಿದ. ಮೂರಿದ್ದವು. ಚೌಕಾಸಿಯನ್ನೇ ಮಾಡದೆ ಒಂದನ್ನು ಎತ್ತಿಕೊಂಡು ಹೋದ. ನಾನೇ ಹೋಗಿ ವೈರು ಎಳೆದು ಕೊಟ್ಟೆ.

ಅವತ್ತು ಐದೂವರೆಗೆ ಮಳಿಗೆ ಹಗಲಿಗಿಂತ ಬೆಳ್ಳಗಿತ್ತು. ಹೆದ್ದಾರಿಯಲ್ಲಿ ಹುಣಸೂರಿನ ಕಡೆ ಹೋಗುವ ಬಸ್ಸಿನವರೂ ಕತ್ತು ಹೊರಳಿಸಿ ನೋಡಿದರು. ಚಿಕ್ಕಬೀರಯ್ಯ ಬೆವರುತ್ತಾ ಮೊಬೈಲಿನ ಮುಂದೆ ಕೂತ. ನಿಧಾನವಾಗಿ, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಕೈ ಆಡಿಸಿದ. ಪರದೆಯಲ್ಲಿ ದೇವರಾಜು ನಗುಮುಖದಿಂದಲೇ ಇದ್ದ, ಆದರೆ ಅವನ ನೋಟ ಬೇರೆಲ್ಲೋ ಇತ್ತು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಅದೇನೆಂದು ನನಗೂ ಅರ್ಥವಾಯಿತು: ಇದ್ದೀಯಾ? ಇದ್ದೀಯಾ?

ಚಿಕ್ಕಬೀರಯ್ಯ ಎದೆ ಮುಟ್ಟಿಕೊಂಡು ಇದ್ದೀನಿ ಎಂದ. ಆರೇಳು ಸಲ ಎಂದ.

ಮುಂದಿನ ಮಂಗಳವಾರ ಅವನ ಮಳಿಗೆಗೆ ವಾರದ ರಜೆ. ಕೆ.ಆರ್. ನಗರಕ್ಕೆ ಪೈಪು ಕೊಡುವುದಿತ್ತು, ನನ್ನ ಓಮ್ನಿ ವ್ಯಾನಿನಲ್ಲೇ ಅವನನ್ನೂ ಕರೆದುಕೊಂಡು ಹೋದೆ. ವಿಮಲಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಜಗಲಿಯಲ್ಲಿ ದೇವರಾಜು ಗೋಡೆಗೆ ಒರಗಿ ಕೂತಿದ್ದ. ಚಿಕ್ಕಬೀರಯ್ಯ ಎದುರು ಕೂತು ತನ್ನ ಕೈಗಳನ್ನು ಅವನ ಕೈಯೊಳಗೆ ಇಟ್ಟ. ಹಾಗೆ ಇಟ್ಟುಕೊಂಡೇ ಮಾತಾಡತೊಡಗಿದ. ಇವನ ಕೈ ಹೋದಲ್ಲಿಗೆಲ್ಲ ಅವನ ಕೈ ಮೆತ್ತಗೆ ಹಿಂಬಾಲಿಸುತ್ತಿತ್ತು.

“ಆಸ್ಟಲ್ನಲ್ಲಿ ಲೈಟ್ ಆರ್ಸುದ್ ಮ್ಯಾಲೆ ಇಂಗೇ ಮಾತಾಡ್ತಿದ್ರಂತೆ. ವಾರ್ಡನ್ನು ಬಯ್ತಿದ್ರಂತೆ” ಎಂದರು ವಿಮಲಮ್ಮ, ಕಾಫಿ ಕೊಡುತ್ತಾ.

ನಡುವೆ ಚಿಕ್ಕಬೀರಯ್ಯ ದೇವರಾಜುವಿನ ಅಂಗೈಯಲ್ಲಿ ಕಿರುಬೆರಳು ಒತ್ತಿದ. ದೇವರಾಜು ತಲೆಯೆತ್ತಿ ಸುತ್ತ ಹುಡುಕುವಂತೆ ಮುಖ ತಿರುಗಿಸಿ ನಕ್ಕ. ನಾನು ಕೈ ಎತ್ತಿದೆ. ಅವನಿಗೆ ಕಾಣದು ಎಂದು ಆಮೇಲೆ ನೆನಪಾಯಿತು.

ಈಗ ಮಂಗಳವಾರ ಬೆಳಗ್ಗೆ ಚಿಕ್ಕಬೀರಯ್ಯ ತಾನೇ ಬಸ್ಸು ಹತ್ತುತ್ತಾನೆ, ಸಂಜೆ ಬರುತ್ತಾನೆ. ದೇವರಾಜುವಿಗೆ ಪರದೆ ಕಾಣದ ಮೇಲೆ ಉಳಿದ ಆರು ದಿನಕ್ಕೆ ಮೊಬೈಲು ಉಪಯೋಗವಿಲ್ಲ. ಗುಂಪಿನಲ್ಲಿ ಬೇರೆಯವರಿದ್ದಾರೆ, ಒಮ್ಮೊಮ್ಮೆ ಕಾಲ್ ಬರುತ್ತದೆ. ಎರಡು ನಿಮಿಷ ಕೈ ಆಡಿಸಿ ಇಟ್ಟುಬಿಡುತ್ತಾನೆ. ಆದರೆ ಐದೂವರೆಯಾದರೆ ಫೋಕಸ್ ಲೈಟು ಹೊತ್ತುತ್ತದೆ. ಅದರ ಕೆಳಗೆ ಕೂತು ಹೊಲಿಯುತ್ತಾನೆ, ಎರಡೂ ಕೈ ಬಟ್ಟೆಯ ಮೇಲೆ.

ಹೋದ ಶುಕ್ರವಾರ ಆ ಹೊತ್ತಿಗೆ ನಾನು ಎರಡು ಲೋಟ ಟೀ ಹಿಡಿದುಕೊಂಡು ಹೋಗಿ ಅವನ ಎದುರು ಸ್ಟೂಲು ಎಳೆದು ಕೂತೆ. ಬೆಳಕು ಕಣ್ಣಿಗೆ ಹೊಡೆಯಿತು. ಅವನು ಮಿಷನ್ನು ನಿಲ್ಲಿಸಿ ನೋಡಿದ. ನಾನು ಕಿರುಬೆರಳು ಕೆಳಕ್ಕೆ ಒತ್ತಿ, ನನ್ನ ಎದೆ ಮುಟ್ಟಿಕೊಂಡೆ. ಅವನ ಮುಖ ಅರಳಿತು. ಬಟ್ಟೆಯನ್ನು ಪಕ್ಕಕ್ಕಿಟ್ಟ. ಎರಡೂ ಕೈ ಬಿಡಿಸಿಕೊಂಡು ಮುಂದಕ್ಕೆ ಬಾಗಿ, ಹೂಂ, ಆಮೇಲೆ, ಎಂಬಂತೆ ಹುಬ್ಬು ಏರಿಸಿದ.

ನನಗೆ ಬರುತ್ತಿದ್ದದ್ದು ಅಷ್ಟೇ.

ಅವನು ಟೀ ಲೋಟ ಕೈಗೆತ್ತಿಕೊಂಡ. ಆಮೇಲೆ ಉಂಡೆಯಾ ಎಂದು ಕೇಳಿದ. ಉಂಡೆ ಎಂದೆ. ಟೀ ಕುಡಿದು ಲೋಟ ಕೆಳಗಿಟ್ಟು, ಬಟ್ಟೆ ಎಳೆದುಕೊಂಡ.