ಎಡಗೈಯ ಎಂಟು

ಪೀಣ್ಯದ ಕಾರ್ಖಾನೆಯಲ್ಲಿ ನನ್ನ ಕೆಲಸ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಾಗಿತ್ತು. ಲೇತಿನಿಂದ ಬಂದ ಬಿಡಿಭಾಗವನ್ನು ಡ್ರಾಯಿಂಗಿನ ಪಕ್ಕ ಇಟ್ಟು ಅಳೆಯಬೇಕು. ಹೊಂದಿದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಮೂವತ್ತು ವರ್ಷ ಅದನ್ನೇ ಮಾಡಿದವನಿಗೆ ಮನೆಯಲ್ಲೂ ಆ ಚಟ ಬಿಡಲಿಲ್ಲ. ದೋಸೆ ದುಂಡಗಿಲ್ಲ ಎಂದು ಹೇಳಿ ಹೆಂಡತಿಯಿಂದ ಚೆನ್ನಾಗಿ ಬೈಸಿಕೊಂಡಿದ್ದೇನೆ. ನಿವೃತ್ತನಾದ ಮೇಲೆ ಅವಳ ತಲೆ ತಿನ್ನುತ್ತ ಕೂರುವ ಬದಲು ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದಲ್ಲಿ ಸುರಕ್ಷತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ.

ಹದಿಮೂರು ಮಹಡಿಯ ಗಾಜು ಒರೆಸುವವರು ಬೆಳಿಗ್ಗೆ ಟೆರೇಸಿನ ಕಬ್ಬಿಣದ ಕಂಬಗಳಿಗೆ ತಮ್ಮ ಹಗ್ಗ ಕಟ್ಟುತ್ತಾರೆ, ಒಬ್ಬೊಬ್ಬರಿಗೂ ಎರಡೆರಡು. ಕಟ್ಟುವುದು ಕುಣಿಕೆ, ಆದರೆ ಜೀರುಗುಣಿಕೆಯಲ್ಲ. ಜೀರುಗುಣಿಕೆ ಎಳೆದಷ್ಟೂ ಬಿಗಿಯುತ್ತದೆ. ಇದು ಎಷ್ಟು ಭಾರ ಬಿದ್ದರೂ ಕಟ್ಟಿದಷ್ಟೇ ಅಗಲ ಇರಬೇಕು. ಮೊದಲು ಹಗ್ಗದಲ್ಲಿ ಇಂಗ್ಲಿಷಿನ ಎಂಟರಂಥ ಒಂದು ಗಂಟು. ಆಮೇಲೆ ತುದಿಯನ್ನು ಕಂಬ ಸುತ್ತಿಸಿ ತಂದು, ಅದೇ ಎಂಟರ ದಾರಿಯಲ್ಲಿ ವಾಪಸ್ಸು ನಡೆಸಬೇಕು. ಎಲ್ಲ ಕಡೆಯೂ ಎರಡೆರಡು ಎಳೆ ಅಕ್ಕಪಕ್ಕ ಮಲಗಿರಬೇಕು. ಅದನ್ನು ನೋಡಿ ನಾನು ರಿಜಿಸ್ಟರಿನಲ್ಲಿ ಸಹಿ ಹಾಕಿದ ಮೇಲೆಯೇ ಅವರು ಮೋಟುಗೋಡೆ ದಾಟಿ ಇಳಿಯುವುದು.

ನನಗೆ ಆ ಗಂಟು ಕಟ್ಟಲು ಬರುತ್ತಿರಲಿಲ್ಲ. ಎರಡು ದಿನದ ತರಬೇತಿಯಲ್ಲಿ ಪಕ್ಕದವನನ್ನು ನೋಡಿಕೊಂಡು ಹೇಗೋ ದಾಟಿದ್ದೆ. ಅದಕ್ಕೇನೂ ನಾಚಿಕೆಪಟ್ಟವನಲ್ಲ, ಲೇತ್ ಓಡಿಸಲು ಬರದೆಯೇ ಲೇತಿನ ಕೆಲಸ ಅಳೆದವನು ನಾನು. ಟೆರೇಸಿನ ಬಾಗಿಲ ಪಕ್ಕ ಗಂಟಿನ ಚಿತ್ರವೊಂದನ್ನು ಲ್ಯಾಮಿನೇಟ್ ಮಾಡಿ ತೂಗುಹಾಕಿದ್ದರು. ನನಗೆ ಅದೇ ಡ್ರಾಯಿಂಗ್ ಆಯಿತು.

ಒರೆಸುವವರಲ್ಲಿ ಯಾದಗಿರಿ ಕಡೆಯವನೊಬ್ಬನಿದ್ದ. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಬೇರೆ ಕಟ್ಟಡಗಳಲ್ಲಿ ಹತ್ತು ವರ್ಷ ಹಗ್ಗದ ಮೇಲೆ ಕೆಲಸ ಮಾಡಿ ಇಲ್ಲಿಗೆ ಹೊಸದಾಗಿ ಬಂದಿದ್ದ. ಮೊದಲ ದಿನವೇ ಅವನ ಗಂಟು ನನಗೆ ಸರಿಬರಲಿಲ್ಲ. ಚಿತ್ರದಲ್ಲಿ ಮೇಲೆ ಹೋದ ಎಳೆ ಅವನದರಲ್ಲಿ ಕೆಳಗೆ, ಬಲಕ್ಕೆ ಬರಬೇಕಾದ ತುದಿ ಎಡಕ್ಕೆ.

“ಬರೋಬ್ಬರಿ ಅದ್ರಿ ಸರ. ನಾ ಎಡಚ ಅದೀನ್ರಿ, ಅದಕ್ಕ ಹಂಗ ಕಾಣ್ತದ.”

“ಚಿತ್ರದಲ್ಲಿ ಹಾಗಿಲ್ವಲ್ಲಪ್ಪ” ಎಂದು ಅವನ ಸಾಲಿನ ಮುಂದೆ ‘ಗಂಟು ತಪ್ಪು’ ಎಂದು ಬರೆದೆ. ತನ್ನ ಹಗ್ಗವನ್ನು ತಾನೇ ಕಟ್ಟಬೇಕು, ಇನ್ನೊಬ್ಬರ ಕೈಯಲ್ಲಿ ಕಟ್ಟಿಸಬಾರದು ಎನ್ನುವುದು ಅವರಲ್ಲಿ ನಡೆದುಬಂದ ರೂಢಿ. ಹಾಗಾಗಿ ಅವನು ಆ ದಿನವೆಲ್ಲ ಮಿಕ್ಕವರಿಗೆ ಬಕೆಟ್ ಹೊತ್ತ. ಮರುದಿನವೂ ಅದೇ ಕಥೆ. ಅವರ ಸೂಪರ್‌ವೈಸರ್ ಅವನೆದುರಿಗೇ ಹೇಳಿದ: “ಸಾರ್, ನಾಳೆನೂ ರಿಜೆಕ್ಟ್ ಆದ್ರೆ ಹಗ್ಗದಿಂದ ತೆಗೆದ್ಬಿಟ್ಟು ಬೇಸ್‌ಮೆಂಟ್ ಗುಡಿಸೋಕೆ ಹಾಕ್ತೀನಿ, ಇನ್ನು ಮೇಲಕ್ಕೆ ಹತ್ತಿಸಲ್ಲ.” ಅವನು ತಲೆ ತಗ್ಗಿಸಿ ಹಗ್ಗ ಸುತ್ತುತ್ತಿದ್ದ. ನನಗೆ ಪಾಪ ಅನ್ನಿಸಿತು. ಆದರೆ ಚಿತ್ರ ಚಿತ್ರವೇ ತಾನೆ.

ಮೂರನೆಯ ದಿನ ಅವನು ಬಲಗೈಯಲ್ಲಿ ಕಟ್ಟಿದ. ಅಕ್ಷರ ಕಲಿಯುವವನ ಹಾಗೆ ಚಿತ್ರವನ್ನು ಮತ್ತೆ ಮತ್ತೆ ನೋಡಿಕೊಂಡು ಎರಡೂ ಹಗ್ಗ ಮುಗಿಸಿದ. ಈ ಸಲ ಎಲ್ಲ ಹೊಂದಿತ್ತು. “ನೋಡು, ಮನಸ್ಸು ಮಾಡಿದ್ರೆ ಬರುತ್ತೆ” ಎಂದು ಬೆನ್ನು ತಟ್ಟಿ ಸಹಿ ಹಾಕಿದೆ. ಒಬ್ಬನನ್ನು ದಾರಿಗೆ ತಂದೆನೆಂದು ಒಳಗೊಳಗೇ ಬೀಗಿದ್ದೂ ನಿಜ.

ಅವನು ಒಂದು ಕಾಲನ್ನು ಗೋಡೆಯಾಚೆ ಹಾಕಿದವನು ಅಲ್ಲೇ ನಿಂತ. ಆಮೇಲೆ ಕಾಲು ಒಳಗೆಳೆದುಕೊಂಡು ಕಂಬದ ಹತ್ತಿರ ಬಂದು, ಕಣ್ಣು ಮುಚ್ಚಿ ಗಂಟನ್ನು ಸವರಿದ.

“ನಿಮ್ಮ ಕಣ್ಣಿಗಿ ಚಂದ ಕಾಣ್ತದ್ರಿ ಸರ. ನನ್ನ ಕೈಗಿ ಒಪ್ಪವಲ್ದು.”

“ಸಹಿ ಆಯ್ತಲ್ಲ ಮಾರಾಯ, ಇಳಿ” ಎಂದೆ.

ಅವನು ಸಿಟ್ಟಾಗಲಿಲ್ಲ. ನನ್ನ ಕೈ ಹಿಡಿದು ಬೆರಳನ್ನು ಗಂಟಿನ ಮೇಲಿಟ್ಟ. “ಜೋಡಿ ಎಣಿಸ್ರಿ. ಐದಿರಬೇಕು.” ಒಂದು, ಎರಡು, ಮೂರು, ನಾಲ್ಕು ಸಿಕ್ಕವು. ಐದನೆಯದು ಚಿತ್ರದಲ್ಲಿ ಕಾಣದ ಗಂಟಿನ ಹಿಂಬದಿಯಲ್ಲಿ, ಕಂಬದ ಕಡೆಗೆ. ಅಲ್ಲಿ ಎಳೆ ಒಂದೇ ಇತ್ತು. ಬಾರದ ಕೈಯಲ್ಲಿ ನಡೆಸಿದ ತುದಿ ದಾರಿ ತಪ್ಪಿತ್ತು. ಎರಡನೆಯ ಹಗ್ಗದಲ್ಲೂ ಅದೇ ತಪ್ಪು. ಎರಡಕ್ಕೂ ನಾನು ಸಹಿ ಹಾಕಿದ್ದೆ.

ಅವನು ಎರಡನ್ನೂ ಬಿಚ್ಚಿ ಎಡಗೈಯಲ್ಲಿ ಚಕಚಕನೆ ಕಟ್ಟಿದ, ಎರಡು ದಿನ ನಾನು ಬೇಡವೆಂದಿದ್ದ ಅದೇ ಗಂಟನ್ನು. ಬೆರಳಿಟ್ಟು ಎಣಿಸಿದೆ, ಐದೂ ಇದ್ದವು. ಎಡಕ್ಕೆ ತಿರುಗುವ ಥ್ರೆಡ್ಡಿನ ನಟ್ಟುಗಳಿಗೆ ಪೀಣ್ಯದಲ್ಲಿ ಎಷ್ಟು ಹಸಿರು ಚೀಟಿ ಅಂಟಿಸಿದ್ದೆನೋ ಲೆಕ್ಕವಿಲ್ಲ. ಕಬ್ಬಿಣಕ್ಕೆ ಕೊಟ್ಟ ಆ ರಿಯಾಯಿತಿಯನ್ನು ಮನುಷ್ಯನ ಕೈಗೆ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಸೂಪರ್‌ವೈಸರ್ ಮೇಲೆ ಬಂದ. “ಇವತ್ತೂ ರಿಜೆಕ್ಟಾ ಸಾರ್?” ನಡೆದದ್ದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಯಾದಗಿರಿಯವನು ನನ್ನ ಮುಖ ನೋಡಿದ. ನಾನು ಹಿಂದಿನ ಎರಡು ದಿನದ ಷರಾ ಹೊಡೆದುಹಾಕಿ, ‘ಗಂಟು ಸರಿಯಿತ್ತು, ನೋಡಿದವನಿಗೆ ತಿಳಿಯಲಿಲ್ಲ’ ಎಂದು ಬರೆದೆ. ಅದರ ಕೆಳಗೆ ಆ ಬೆಳಗಿನ ತಪ್ಪು ಸಹಿಯನ್ನೂ ಒಪ್ಪಿಕೊಂಡೆ.

“ಇದೆಲ್ಲಾ ಯಾಕ್ ಬರಿಯೋಕೆ ಹೋಗ್ತೀರಾ, ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ” ಎಂದ ಸೂಪರ್‌ವೈಸರ್. ಕೆಲಸ ಹೋಗಲಿಲ್ಲ, ಮತ್ತೆ ತರಬೇತಿಗೆ ಕಳಿಸಿದರು. ನಿಜವಾಗಿ ಕಲಿಸಿದ್ದು ಮಾತ್ರ ಆ ಯಾದಗಿರಿಯವನು. ಊಟದ ಹೊತ್ತಿನಲ್ಲಿ ಹಗ್ಗದ ತುಂಡು ಹಿಡಿದು ಎದುರುಬದುರು ಕೂರುತ್ತಿದ್ದೆವು. ಅವನ ಎಡಗೈ ನನ್ನ ಬಲಗೈಯೆದುರು ಕನ್ನಡಿಯ ಹಾಗೆ ಬರುತ್ತಿದ್ದುದರಿಂದ ನನ್ನಂಥ ದಡ್ಡನಿಗೂ ಒಂದೇ ವಾರದಲ್ಲಿ ಕೈ ಕುದುರಿತು.

ಈಚೆಗೆ ಒಂದು ಬೆಳಿಗ್ಗೆ ಅವನ ಹಗ್ಗವನ್ನು ಮುಟ್ಟದೆಯೇ ಪೆನ್ನು ತೆಗೆದೆ. “ನಿಂದು ಸರಿಯಾಗೇ ಇರುತ್ತೆ, ಹೋಗು” ಎಂದೆ, ಪ್ರೀತಿಯಿಂದಲೇ.

ಅವನು ಗೋಡೆಯ ಕಡೆ ಹೋಗಲಿಲ್ಲ.

“ಎಣಿಸ್ರಿ ಸರ. ನಾನೂ ಮನುಷ್ಯಾನ ಅದೀನಿ.”

ಪೆನ್ನು ಜೇಬಿಗಿಟ್ಟು, ಕಣ್ಣು ಮುಚ್ಚಿ, ಮೊದಲ ಜೋಡಿಯ ಮೇಲೆ ಬೆರಳಿಟ್ಟೆ.