ಮಗಳ ಮುಖಕ್ಕೆ ನಾನು ಕೂತದ್ದು

ನನ್ನ ಯಜಮಾನರು ಬರೆಯುತ್ತಿದ್ದುದು ಸತ್ತವರ ಚಿತ್ರ ಮಾತ್ರ. ಅದೇನು ಅವರ ಹುಚ್ಚಲ್ಲ. ಬದುಕಿರುವಾಗ ಚಿತ್ರ ಬರೆಸಿಕೊಂಡರೆ ಆಯಸ್ಸು ಸವೆಯುತ್ತದೆ ಎಂದು ಹೊಸೂರಿನ ಸುತ್ತಮುತ್ತ ಜನ ಹೆದರುತ್ತಿದ್ದರು. ಕರೆಯುತ್ತಿದ್ದುದು ಸಾವಾದ ಮನೆಯವರೇ. ಫೋಟೋ ಯಾರಲ್ಲೂ ಇರುತ್ತಿರಲಿಲ್ಲ. ಹೋದವರು ಯಾರನ್ನು ಹೋಲುತ್ತಿದ್ದರು ಎಂದು ಇವರು ಕೇಳಿ, ಆ ತಮ್ಮನನ್ನೋ ಮಗನನ್ನೋ ಜಗುಲಿಯಲ್ಲಿ ಕೂರಿಸುತ್ತಿದ್ದರು. ಕೂತವರಿಗೆ ಕೆಡುಕಾಗದಿರಲಿ ಎಂದು ಕಿವಿಯ ಹಿಂದೆ ಮಸಿ ಹಚ್ಚುತ್ತಿದ್ದರು. ಮನೆಯವರು ಪಕ್ಕದಲ್ಲಿ ನಿಂತು, ಮೂಗು ಇನ್ನೂ ಮೊಂಡು, ಕೆನ್ನೆ ಬತ್ತಿತ್ತು ಎಂದು ಹೇಳಿದ ಹಾಗೆ ತಿದ್ದುವುದು ಇವರ ಕ್ರಮ.

ಯುದ್ಧದ ಕಾಲ, ಬಣ್ಣ ಸಿಗುತ್ತಿರಲಿಲ್ಲ. ದೀಪದ ಮಸಿ, ಕೆಮ್ಮಣ್ಣು ಅರೆದು ಅಗಸೆ ಎಣ್ಣೆಯಲ್ಲಿ ಕಲಸಿ, ಸೀಮೆಎಣ್ಣೆ ಡಬ್ಬದ ತಗಡಿನ ಮೇಲೆ ಬರೆಯುತ್ತಿದ್ದರು. ಕೆಲಮಂಗಲದಲ್ಲಿ ಒಬ್ಬ ಮುದುಕಿ ತಗಡಿನ ಮೇಲಿನ ಗಂಡನನ್ನು ಕಂಡು ಸೆರಗು ಹೊದ್ದು ಎದ್ದು ನಿಂತಳಂತೆ. ಅದನ್ನು ಹೇಳಿಕೊಂಡು ತಿಂಗಳುಗಟ್ಟಲೆ ಬೀಗಿದರು.

ನಮ್ಮ ಮಗಳು ವಾಂತಿಭೇದಿಯಲ್ಲಿ ಹೋದಾಗ ಅವರು ಉದ್ದನಪಲ್ಲಿಯಲ್ಲಿ ಯಾರದೋ ಅಪ್ಪನ ಮೀಸೆ ತಿದ್ದುತ್ತಿದ್ದರು. ಬೆಳಿಗ್ಗೆ ಶುರುವಾದದ್ದು ಸಂಜೆಗೆ ಮುಗಿದಿತ್ತು. ಅಂಟುರೋಗ, ಇಟ್ಟುಕೊಳ್ಳಬೇಡಿ ಎಂದು ಬೀದಿಯವರೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿದರು. ಅವಳ ಬಟ್ಟೆ, ಚಾಪೆ ಎಲ್ಲ ಸುಟ್ಟರು. ನಾಲ್ಕು ವರ್ಷದ ಮಗುವಿನದ್ದೆಂದು ಮನೆಯಲ್ಲಿ ಒಂದು ಚೂರೂ ಉಳಿಯಲಿಲ್ಲ.

"ಊರೋರ್ದೆಲ್ಲ ಬರ್ದೀರ. ನನ್ ಮಗೀದೂ ಬರ್ಕೊಡಿ" ಎಂದು ಹಟ ಹಿಡಿದೆ.

ತಗಡು ಹಿಡಿದು ಕೂತರು. ಕೈ ಓಡಲಿಲ್ಲ. ಹೆತ್ತ ಅಪ್ಪನಿಗೆ ಮಗುವಿನ ಮುಖ ಜ್ಞಾಪಕವಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು.

"ಎದುರ್ಗೆ ನೋಡ್ದೇ ಇದ್ರೆ ಕೈಗೆ ಬರಲ್ಲ ಕಣೇ" ಎಂದರು. ಆಮೇಲೆ ತಲೆ ತಗ್ಗಿಸಿ ಕೇಳಿದರು: "ಯಾರಂಗಿದ್ಲು?"

"ಎಲ್ರೂ ನನ್ನಂಗೇ ಅಂತಿದ್ರು."

"ಅಂಗಾರೆ ನೀನೇ ಕುಂತ್ಕೋ."

ಕೂತೆ. ಮದುವೆಯಾದಾಗಿನಿಂದ ಅವರು ನನ್ನನ್ನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ಪಕ್ಕದಲ್ಲಿ ನಿಂತು ತಿದ್ದಿಸಲು ಯಾರಿದ್ದರು? ಕೂರಬೇಕಾದವಳೂ ನಾನೇ, ಹೇಳಬೇಕಾದವಳೂ ನಾನೇ. ಗಲ್ಲ ಇನ್ನೂ ಗುಂಡಗೆ, ತುಟಿ ಸಣ್ಣದು ಎಂದೆ. ಹೇಳಿದ್ದು ಅಷ್ಟೇ. ಉಳಿದದ್ದನ್ನು ಅವರು ನನ್ನ ಮುಖ ನೋಡಿಯೇ ತುಂಬಿಸಿದರು.

ಬೀದಿಯವರು ಬಂದು, "ಮಗೂನೇ ಎದ್ ಬಂದಂಗೈತೆ" ಎಂದು ಕಣ್ಣೊರೆಸಿಕೊಂಡರು. ನನಗೆ ಕಂಡದ್ದು ಮಾತ್ರ ಚಿಕ್ಕವಳಾದ ನಾನು. ದಿನಾ ನೋಡುತ್ತ ನೋಡುತ್ತ ಭಯವಾಗತೊಡಗಿತು. ಒಂದು ಮಧ್ಯಾಹ್ನ "ಅಳಿಸಾಕ್ಬುಡಿ" ಎಂದೆ. ಅವರು ಎದುರಾಡದೆ ಹಿತ್ತಲಿಗೆ ಒಯ್ದು, ಮರಳು ಹಾಕಿ ತಿಕ್ಕಿದರು. ಆಮೇಲೆ ಯಾರು ಬಂದು ಕರೆದರೂ ಮುಖ ಬರೆಯಲಿಲ್ಲ. ಅಂಗಡಿ ಬೋರ್ಡು, ಲಾರಿ ನಂಬರು ಬರೆದುಕೊಂಡೇ ಕಾಲ ಹಾಕಿದರು.

ಅಳಿಸಿದ್ದು ತಡವಾಯಿತು. ಈಗ ಮಗಳನ್ನು ನೆನೆಸಿಕೊಂಡರೆ ಕಣ್ಣೆದುರು ಬರುವುದು ಅವರು ಬರೆದ ಮುಖ. ಅವಳದ್ದು ಬರುವುದಿಲ್ಲ.