ಅತ್ತೆಯ ಲ್ಯಾಪ್‌ಟಾಪ್ ಮತ್ತು ನಾನು ಅಳಿಸಿದ ಫೋಲ್ಡರ್

ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದರೆ ಲ್ಯಾಪ್‌ಟಾಪ್ ಅದನ್ನು ಕ್ಯಾರೇ ಅನ್ನಲಿಲ್ಲ. ಸೀದಾ ಹಳೆಯ ವಿಂಡೋಸಿಗೇ ಹೋಗಿ ಕೂತಿತು.

ಎಫ್‌2, ಎಫ್‌10, ಎಫ್‌12, ಎಸ್ಕೇಪ್... ಯೂಟ್ಯೂಬಿನಲ್ಲಿ ಯಾರು ಏನು ಹೇಳಿದರೋ ಎಲ್ಲವನ್ನೂ ಒತ್ತಿದೆ.

ಅದು ನಮ್ಮ ಅತ್ತೆಯ ಲ್ಯಾಪ್‌ಟಾಪ್. ಹನ್ನೆರಡು ವರ್ಷ ಹಳೆಯದು. ಅದು ಆನ್ ಆಗುವಷ್ಟರಲ್ಲಿ ಕುಕ್ಕರ್ ಮೂರು ಸೀಟಿ ಹಾಕಿರುತ್ತದೆ. ಅತ್ತೆ ಪುಂಜಾಲಕಟ್ಟೆಯ ಹತ್ತಿರ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿ ರಿಟೈರ್ ಆದವರು. ಎಷ್ಟು ತಾಳ್ಮೆ ಅವರಿಗೆ ಅಂದರೆ, ಅಷ್ಟು ಹೊತ್ತೂ ಅದರ ಮುಂದೆ ಸುಮ್ಮನೆ ಕೂತಿರುತ್ತಾರೆ!

ನನಗೆ ಮದುವೆಯಾಗಿ ಮೂರು ತಿಂಗಳು. ಮೂಡುಬಿದಿರೆಯ ಈ ಮನೆ, ಈ ಗಂಡ, ಈ ಅತ್ತೆ... ಎಲ್ಲರ ಮೇಲೂ ನನಗೆ ಭಯಂಕರ ಪ್ರೀತಿ. ನಗಬೇಡಿ, ನಿಜ.

ಹಾಗಾಗಿ ಅತ್ತೆ ಎರಡು ದಿನ ಬೆಳ್ತಂಗಡಿಯ ತಂಗಿಮನೆಗೆ ಹೋದಾಗ, ಅವರಿಗೊಂದು ಸರ್‌ಪ್ರೈಸ್ ಕೊಡಬೇಕು ಅನ್ನಿಸಿತು. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ಹಳೆಯ ಲ್ಯಾಪ್‌ಟಾಪ್ ಕೂಡ ಹೊಸದರ ಹಾಗೆ ಓಡುತ್ತದಂತೆ!

"ಅಮ್ಮನ ಹತ್ರ ಒಂದು ಮಾತು ಕೇಳು ಮಾರಾಯ್ತಿ" ಅಂದ ಸುಹಾಸ್, ನನ್ನ ಗಂಡ.

"ಕೇಳಿದ್ರೆ ಅದು ಸರ್‌ಪ್ರೈಸ್ ಹೇಗಾಗ್ತದೆ?" ಅಂದೆ ನಾನು.

ಬ್ಯಾಕಪ್ ಮಾಡಿದ್ದೆ. ಫೋಟೋ, ಪೆನ್ಶನ್ ಕಾಗದ, ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿಗೆ ಹಾಕಿ, ಸರಿಯಾಗಿ ಬಂದಿದೆಯಾ ಅಂತ ಒಂದೊಂದಾಗಿ ತೆರೆದೂ ನೋಡಿದೆ.

'ಸ್ಕೂಲ್ 2' ಅಂತ ಒಂದು ಫೋಲ್ಡರ್ ಮಾತ್ರ ಕೆಟ್ಟುಹೋಗಿತ್ತು. ಯಾವ ಫೈಲ್ ತೆರೆದರೂ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು... ಅವುಗಳ ತಲೆಯ ಮೇಲೆ ಚುಕ್ಕೆ, ಗೆರೆ. ನಡುನಡುವೆ ಪೌಂಡಿನ ಗುರುತು.

ವೈರಸ್! ನನ್ನ ಲ್ಯಾಪ್‌ಟಾಪಿಗೂ ಹರಡೀತು ಅಂತ ಹೆದರಿ, ನನ್ನದರಲ್ಲಿದ್ದ ಆ ಫೋಲ್ಡರನ್ನು ಅಲ್ಲೇ ಪೂರ್ತಿ ಡಿಲೀಟ್ ಮಾಡಿದೆ.

ಆಮೇಲೆ ಒಂದೂವರೆ ದಿನ ಇನ್‌ಸ್ಟಾಲ್ ಮಾಡುವ ಗೋಳು. ಸೆಕ್ಯೂರ್ ಬೂಟ್ ಅನ್ನುವ ಸೆಟ್ಟಿಂಗ್ ಆಫ್ ಮಾಡಿದ ಮೇಲೆ ಪೆನ್‌ಡ್ರೈವ್ ಕಂಡಿತು, ಆದರೆ ಸ್ಕ್ರೀನ್ ಕಪ್ಪಾಯಿತು. ಅದನ್ನು ಸರಿಮಾಡಿದರೆ ವೈಫೈ ಇಲ್ಲ. ಫೋನಿಗೆ ಕೇಬಲ್ ಹಾಕಿ ನೆಟ್ ಕೊಟ್ಟೆ. ಡಿಸ್ಕ್ ಪೂರ್ತಿ ಅಳಿಸಬೇಕಾ ಅಂತ ಅದು ಕೇಳಿತು. ಹೌದು ಅಂತ ಒತ್ತಿದೆ.

ಕೊನೆಗೆ ಅರ್ಧ ನಿಮಿಷದಲ್ಲಿ ಆನ್ ಆಯಿತು ನೋಡಿ... ನಾನು ಹಾಲ್‌ನಲ್ಲಿ ಕುಣಿದೆ!

ಅತ್ತೆ ಬಂದರು, ನೋಡಿದರು. "ಚಂದ ಉಂಟು ಮಗಾ, ಎಷ್ಟು ಬೇಗ ಬಂತು!" ಅಂತ ನನ್ನ ಕೆನ್ನೆ ಸವರಿದರು. ನನಗೆ ಸ್ವರ್ಗ.

ಆಮೇಲೆ ಕನ್ನಡಕ ಏರಿಸಿ ಹುಡುಕತೊಡಗಿದರು. "ನನ್ನ ನಾಟಕಗಳು ಇದರಲ್ಲಿ ಎಲ್ಲಿ ಬರ್ತದೆ?"

"ಯಾವ ನಾಟಕ ಅತ್ತೆ?"

"ಸ್ಕೂಲ್ ಟೂ ಅಂತ ಇತ್ತಲ್ಲ."

"ಅದನ್ನು ನಾಳೆ ಹುಡುಕಿ ಕೊಡ್ತೇನೆ ಅತ್ತೆ" ಅಂದೆ.

ಸ್ಕೂಲ್ ಡೇಗೆ ಅಂತ ಅತ್ತೆ ಪ್ರತಿ ವರ್ಷ ಒಂದು ನಾಟಕ ತಾವೇ ಬರೆಯುತ್ತಿದ್ದರಂತೆ. ಈಗ ಶಾಲೆಗೆ ಐವತ್ತು ವರ್ಷ. ಅವುಗಳಲ್ಲಿ ಒಂದನ್ನು ಹಳೆಯ ವಿದ್ಯಾರ್ಥಿಗಳು ಮತ್ತೆ ಆಡುತ್ತಾರೆ. ಸ್ಕ್ರಿಪ್ಟ್ ತೆಗೆದುಕೊಂಡು ಹೋಗಲು ಬರುವ ಭಾನುವಾರ ಮನೆಗೇ ಬರುತ್ತಾರೆ.

ಮರುದಿನ ಎರಡೂ ಲ್ಯಾಪ್‌ಟಾಪ್ ಹಿಡಿದುಕೊಂಡು ಬಿ.ಸಿ.ರೋಡಿನ ಒಂದು ರಿಪೇರಿ ಅಂಗಡಿಗೆ ಓಡಿದೆ.

"ಎಂತ ಮಾರಾಯ್ರೆ, ಇಡೀ ಡಿಸ್ಕ್ ಒರೆಸಿ ಮೇಲಿಂದ ಬೇರೆ ಹಾಕಿದ್ದೀರಲ್ಲ! ನೋಡುವ, ಗ್ಯಾರಂಟಿ ಇಲ್ಲ" ಅಂದರು ಅಂಗಡಿಯವರು. ನನ್ನ ಲ್ಯಾಪ್‌ಟಾಪಿನದು ಹೊಸ ಬಗೆಯ ಡಿಸ್ಕ್, ಅದರಲ್ಲಿ ಡಿಲೀಟ್ ಆದದ್ದು ಬರುವುದೇ ಇಲ್ಲವಂತೆ.

ನಾಲ್ಕು ಗಂಟೆ ಸ್ಟೂಲಿನ ಮೇಲೆ ಕೂತಿದ್ದೆ. ಅತ್ತೆಯದರಲ್ಲಿ ಒಂದೇ ಒಂದು ಫೈಲ್ ಸಿಕ್ಕಿತು. ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಅದೇ ಚುಕ್ಕೆ, ಅದೇ ಪೌಂಡ್.

"ನೋಡಿ, ಇದೇ ವೈರಸ್" ಅಂದೆ.

ಅವರು ನನ್ನ ಮುಖ ನೋಡಿದರು. ಎಲ್ಲವನ್ನೂ ಸೆಲೆಕ್ಟ್ ಮಾಡಿ, ಪಟ್ಟಿಯಲ್ಲಿ ಅದಕ್ಕೆ ಹೊಂದುವ ಒಂದು ಹಳೆಯ ಕನ್ನಡ ಫಾಂಟ್ ಒತ್ತಿದರು.

ನನ್ನ ಕಣ್ಣೆದುರೇ ಇಡೀ ಪುಟ ಕನ್ನಡವಾಯಿತು.

ಮೊದಲೆಲ್ಲ ಕನ್ನಡ ಟೈಪಿಂಗ್ ಹೀಗೇ ಇತ್ತಂತೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೀಗೇ ಕಾಣುತ್ತದಂತೆ. ಯಾವ ಆಫೀಸಿನ ಗುಮಾಸ್ತರನ್ನು ಕೇಳಿದ್ದರೂ ಹೇಳುತ್ತಿದ್ದರು. ಇಂಗ್ಲಿಷ್ ಮೀಡಿಯಂನಲ್ಲಿ ಕಲಿತ ನಾನು ಕಂಪ್ಯೂಟರಿನಲ್ಲಿ ಒಂದು ಸಾಲು ಕನ್ನಡ ಟೈಪ್ ಮಾಡಿದವಳಲ್ಲ.

ಅದು ಒಂದು ಬಾವಿಯೇ ಪಾತ್ರವಾಗಿರುವ ನಾಟಕ. ಬಾವಿ ಹೇಳುತ್ತದೆ: "ಇಣುಕಿದವರೆಲ್ಲ ತಮ್ಮ ಮುಖ ನೋಡಿಕೊಂಡು ಹೋದರು. ನನ್ನನ್ನು ನೋಡಿದವರು ಯಾರು?"

ಐದನೇ ಪುಟದ ನಡುವೆ ಅದೂ ನಿಂತಿತು. ಆಮೇಲೆ ಬರೀ ಖಾಲಿ ಚೌಕಗಳು.

ಬಸ್ಸಿನಲ್ಲಿ ಇಡೀ ದಾರಿ ಅಳುತ್ತಲೇ ಬಂದೆ. ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ.

"ನಾನು ಬರೆದದ್ದು ವೈರಸ್ ಅಂತ ಎಣಿಸಿದ್ಯಾ ನೀನು?" ಅಂತ ಅವರು ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಹೋಗ್ಲಿ ಬಿಡು ಮಗಾ. ಮಕ್ಕಳ ನಾಟಕ, ಎಂತ ದೊಡ್ಡ ಗ್ರಂಥವಾ ಅದು?"

ಆದರೆ ಇವತ್ತು ಅಡುಗೆಮನೆಯಲ್ಲಿ ಅಲಸಂಡೆ ಕಾಯಿ ಮುರಿಯುತ್ತ ಅವರು ಸಣ್ಣಗೆ ಮಾತಾಡುತ್ತಿದ್ದಾರೆ. ಬಾವಿಯ ಮಾತು ಒಂದು ಸ್ವರದಲ್ಲಿ, ನಾಟಕದ ಹುಡುಗಿಯ ಮಾತು ಇನ್ನೊಂದು ಸ್ವರದಲ್ಲಿ. ಫೈಲ್ ನಿಂತ ಜಾಗ ದಾಟಿ ಮೂರನೇ ಮಾತಿಗೆ ನಿಲ್ಲುತ್ತಾರೆ. ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಮತ್ತೆ ಅಲ್ಲೇ ನಿಲ್ಲುತ್ತಾರೆ.

ನಾನು ಬಾಗಿಲ ಹೊರಗೆ ನಿಂತಿದ್ದೇನೆ. ಒಳಗೆ ಹೋಗುವ ಧೈರ್ಯ ಇಲ್ಲ.

ಪ್ರಿಂಟ್ ಒಂದಾದರೂ ಇರಬಹುದಾ ಅಂತ ಕೇಳಿದ್ದೆ. ಇಲ್ಲ. ಮಕ್ಕಳಿಗೆ ಪೂರ್ತಿ ನಾಟಕ ಕೊಟ್ಟರೆ ಬೇರೆಯವರ ಮಾತು ಕಿವಿಗೊಟ್ಟು ಕೇಳುವುದಿಲ್ಲ ಅಂತ, ಅತ್ತೆ ಪ್ರಿಂಟನ್ನು ಕತ್ತರಿಯಲ್ಲಿ ಕತ್ತರಿಸಿ ಒಬ್ಬೊಬ್ಬರಿಗೆ ಅವರವರ ಪಾತ್ರದ ಮಾತು ಮಾತ್ರ ಕೊಡುತ್ತಿದ್ದರಂತೆ.

ಭಾನುವಾರಕ್ಕೆ ಇನ್ನು ನಾಲ್ಕು ದಿನ. ಆ ಶಾಲೆಯಲ್ಲಿ ನಾಟಕ ಆಡಿದವರು ಇದನ್ನು ಓದುತ್ತಿದ್ದರೆ... ನಿಮ್ಮ ಪಾತ್ರದ ಮಾತು, ಒಂದು ಸಾಲಾದರೂ, ನಿಮಗೆ ಇನ್ನೂ ಬಾಯಿಗೆ ಬರ್ತದಾ?